ಹತ್ತೊಂಬತ್ತನೇ ವಾರ್ಡಿನ ನೀಲಿ ಮುಖಗಳು

ಮುಖವಾಚನ ಕೇಂದ್ರದಿಂದ ಮೌನೇಶ ಚಿತ್ರಗಾರನಿಗೆ ಬಂದ ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಹತ್ತೊಂಬತ್ತನೇ ವಾರ್ಡಿನಿಂದ ಬರುತ್ತಿರುವ ಮುಖಗಳು ಮೂರು ತಿಂಗಳಿಂದ ನೀಲಿಗೆ ತಿರುಗಿವೆ. ಕೂಡಲೇ ಬಂದು ಕಾಣತಕ್ಕದ್ದು.

ಮೌನೇಶ ಅದನ್ನು ಎರಡು ಸಲ ಓದಿ, ಮಡಚಿ, ಕೀಬೋರ್ಡಿನ ಕೆಳಗೆ ತುರುಕಿದ. ಮೂವತ್ತು ವರ್ಷ ಬಣ್ಣದಲ್ಲೇ ಬದುಕಿದವನಿಗೆ ನಿನ್ನ ಬಣ್ಣ ತಪ್ಪಿದೆ ಅಂದರೆ ಹೇಗಾಗಬೇಡ! ಗದಗ-ಬೆಟಗೇರಿಯಲ್ಲಿ ಅವನ ಕಣ್ಣಿಗೆ ಸಾಟಿಯಿಲ್ಲ ಎಂದು ಊರೇ ಹೇಳುತ್ತಿತ್ತು. ಊರು ಹೇಳದಿದ್ದಾಗ ಅವನೇ ಹೇಳಿಕೊಳ್ಳುತ್ತಿದ್ದ.

ಆಸ್ಪತ್ರೆಗಳು ಮುಖ ಓದಲು ಶುರುಮಾಡಿ ಆಗ ಒಂಬತ್ತು ವರ್ಷವಾಗಿತ್ತು. ತಿಂಗಳಿಗೊಮ್ಮೆ ಮನೆಯವರೆಲ್ಲ ಒಂದೊಂದು ಫೋಟೋ ತೆಗೆದು ಕಳಿಸಬೇಕು. ಧಾರವಾಡದ ಕೇಂದ್ರದ ಯಂತ್ರ ಆ ಮುಖ ಓದಿ ರಕ್ತ ಕಡಿಮೆಯೋ, ಉಸಿರು ಕಟ್ಟುತ್ತಿದೆಯೋ, ಪಿತ್ತ ಏರಿದೆಯೋ ಹೇಳುತ್ತದೆ. ರೋಗ ಕಂಡರೆ ಕೆಂಪು ಚೀಟಿ, ಇಲ್ಲದಿದ್ದರೆ ಹಸಿರು. ಕೆಂಪು ಚೀಟಿ ಇದ್ದವರಿಗೆ ಮಾತ್ರ ಆಸ್ಪತ್ರೆಯಲ್ಲಿ ಡಾಕ್ಟರು. ಮೊದಮೊದಲು ಜನ ಗೊಣಗಿದರು. ಆಮೇಲೆ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪಿತಲ್ಲ ಎಂದು ಒಗ್ಗಿಕೊಂಡರು. ಎಷ್ಟು ಒಗ್ಗಿಕೊಂಡರೆಂದರೆ, ಹೊಟ್ಟೆ ಹಿಡಿದುಕೊಂಡು ನರಳುವವನು ಕೂಡ ಹಸಿರು ಚೀಟಿ ಬಂದರೆ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಯಂತ್ರಕ್ಕೆ ಒಂದೇ ಒಂದು ಕೊರತೆ. ಮುಖದ ಮೇಲಿನ ಹಳದಿ ಅಡುಗೆಮನೆಯ ಬಲ್ಬಿನದೋ ಒಳಗಿನ ಪಿತ್ತದ್ದೋ ಅದಕ್ಕೆ ತಿಳಿಯುತ್ತಿರಲಿಲ್ಲ. ಫೋಟೋದಲ್ಲಿ ಹಿಡಿದುಕೊಳ್ಳಲು ಇಲಾಖೆ ಬಣ್ಣದ ಕಾರ್ಡು ಹಂಚಿ ನೋಡಿತು. ಜನ ಅವುಗಳನ್ನು ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಿದರು. ಕಡೆಗೆ ವಾರ್ಡಿಗೊಬ್ಬ ಬಣ್ಣಗಾರನನ್ನು ನೇಮಿಸಿದರು. ಅವನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಬಲ್ಬಿನ ಹಳದಿ, ಟ್ಯೂಬ್‌ಲೈಟಿನ ಹಸಿರು, ನೀಲಿ ತಾಡಪತ್ರಿಯ ನೆರಳು ಎಲ್ಲವನ್ನೂ ತೆಗೆದು, ಬರೀ ಮನುಷ್ಯನ ಬಣ್ಣವನ್ನಷ್ಟೇ ಉಳಿಸಿ ಕೇಂದ್ರಕ್ಕೆ ಕಳಿಸಬೇಕು. ಹತ್ತೊಂಬತ್ತನೇ ವಾರ್ಡಿನ ಸಾವಿರದ ಮುನ್ನೂರು ಮುಖಗಳು ಹೀಗೆ ಮೌನೇಶನ ಕೈಗೆ ಬಂದಿದ್ದವು.

ಕೆಲಸಕ್ಕೆ ನಿಯಮಗಳಿದ್ದವು. ಕೋಣೆಯ ಗೋಡೆಗೆ ಬೂದು ಬಣ್ಣ ಬಳಿದಿರಬೇಕು, ಮೈಮೇಲಿನ ಅಂಗಿ ಕೂಡ ಬೂದು ಬಣ್ಣದ್ದೇ ಇರಬೇಕು. ಮಾನಿಟರಿನ ಎದುರು ಕಿಟಕಿ ಇರಕೂಡದು. ತಿಂಗಳ ಮೊದಲ ದಿನ, ಇಲಾಖೆ ಕೊಟ್ಟ ಅಳತೆಬಿಲ್ಲೆಯನ್ನು ಪರದೆಯ ಮೇಲೆ ತೂಗುಹಾಕಿ ಬಣ್ಣ ಸರಿಮಾಡಿಕೊಳ್ಳಬೇಕು. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಮೌನೇಶ ಚಾಚೂ ತಪ್ಪದೆ ಮಾಡುತ್ತಿದ್ದ. ಅಳತೆಬಿಲ್ಲೆ ಗೋಡೆಯ ಮೊಳೆಗೆ ನೇತಾಡುತ್ತ ಧೂಳು ತಿನ್ನುತ್ತಿತ್ತು.

ಅದಕ್ಕೆ ಕಾರಣ ಅವನ ಅಪ್ಪ. ಅಪ್ಪ ಕಪ್ಪು-ಬಿಳಿ ಫೋಟೋಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದ ಕಾಲದವನು. ಹೊಸ ಬಣ್ಣ ಕಲಸಿದಾಗಲೆಲ್ಲ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮುಖ ನೋಡಿ ಹದ ಹಿಡಿಯುತ್ತಿದ್ದ. "ಮನಿಯಾಕಿ ಮುಖಾನ ನಮ್ಮ ಕಾರ್ಡು" ಅನ್ನುತ್ತಿದ್ದ. ಮೌನೇಶನೂ ಅದನ್ನೇ ಹಿಡಿದುಕೊಂಡು ಬಂದಿದ್ದ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಗ್ಗೆ ಹತ್ತಕ್ಕೆ ಹೆಂಡತಿ ದಾಕ್ಷಾಯಣಿ ಒಲೆ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಮಾನಿಟರಿನ ಪಕ್ಕದ ಕುರ್ಚಿಯಲ್ಲಿ ಕೂರುವಳು. ಪರದೆಯ ಮೇಲೆ ಅವಳದೇ ಫೋಟೋ, ನಾಲ್ಕು ವರ್ಷದ ಹಿಂದೆ ಉತ್ತರದ ಕಿಟಕಿಯ ಬೆಳಕಿನಲ್ಲಿ ತೆಗೆದದ್ದು. ಒಮ್ಮೆ ಅವಳನ್ನು, ಒಮ್ಮೆ ಪರದೆಯನ್ನು ನೋಡುತ್ತ ಮೌನೇಶ ಮಾನಿಟರಿನ ಗುಂಡಿ ಒತ್ತುವನು. ಎರಡು ಮುಖಗಳೂ ಒಂದೇ ಆಗುವವರೆಗೆ ಕೆಂಪು, ಹಸಿರು, ನೀಲಿಗಳನ್ನು ಕೂದಲೆಳೆಯಷ್ಟು ಏರಿಸುವನು, ಇಳಿಸುವನು.

"ಹೊಂದಿತೇನ್ರೀ?" ಎಂದು ಅವಳು ಕೇಳುವಳು.

"ಹೊಂದಿತು" ಎಂದು ಅವನು ಹೇಳುವನು. ಅವಳು ಎದ್ದುಹೋಗಿ ರೊಟ್ಟಿ ತಟ್ಟುವಳು. ಗಂಡಹೆಂಡಿರು ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡುವ ಮನೆ ಆ ಓಣಿಯಲ್ಲಿ ಇನ್ನೊಂದಿರಲಿಲ್ಲ.

ಈಚಿನ ತಿಂಗಳುಗಳಲ್ಲಿ ಹೊಂದಿಸಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಪಕ್ಕದಲ್ಲಿ ಕೂತ ದಾಕ್ಷಾಯಣಿಯ ಎದುರು ಪರದೆಯ ದಾಕ್ಷಾಯಣಿ ಬಿಳಿಚಿಕೊಂಡಂತೆ ಕಾಣುತ್ತಿದ್ದಳು. ಪರದೆಗೆ ಸ್ವಲ್ಪ ಹಳದಿ ಏರಿಸಿದರೆ ಸರಿಹೋಗುತ್ತಿತ್ತು. ಮುಂದಿನ ತಿಂಗಳು ಮತ್ತಷ್ಟು ಏರಿಸಬೇಕಾಗುತ್ತಿತ್ತು. ಮಾನಿಟರಿಗೆ ಮುಪ್ಪು ಬಂತು ಎಂದುಕೊಂಡ ಮೌನೇಶ.

ದಾಕ್ಷಾಯಣಿಗೂ ಮೈಯಲ್ಲಿ ನೆಟ್ಟಗಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಶುರುವಾದ ತುರಿಕೆ ಬಿಡದೆ ಕಾಡುತ್ತಿತ್ತು. ಊಟ ಸೇರುತ್ತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಳು. ಕಿಟಕಿಯ ಹಿಂದಿನ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ಮದು ಹಸಿರು ಐತಲ್ರೀ ಅವ್ವಾರ" ಎಂದು ನಕ್ಕು, ತುರಿಕೆಯ ಮುಲಾಮು ಕೊಟ್ಟು ಕಳಿಸಿದಳು.

ಹಸಿರು ಬರದೇ ಏನು ಮಾಡೀತು? ಬಣ್ಣಗಾರರು ತಮ್ಮ ಮನೆಯವರ ಮುಖಗಳನ್ನು ಬೇರೆ ವಾರ್ಡಿಗೆ ಕಳಿಸಬೇಕೆಂಬ ನಿಯಮವಿತ್ತು. ಮೌನೇಶ ಅದನ್ನು ಓದಿ ನಕ್ಕಿದ್ದ. ಅವಳ ಬಣ್ಣ ತನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಪ್ರತಿ ತಿಂಗಳೂ ತಾನೇ ತಿದ್ದಿ ಕಳಿಸುತ್ತಿದ್ದ.

*

ಧಾರವಾಡದ ಕೇಂದ್ರದಲ್ಲಿ ಒಂದು ಗೋಡೆಯ ತುಂಬ ಮುಖಗಳು. ಕಡಲೆಕಾಳಿನಷ್ಟು ಚಿಕ್ಕವು, ಲಕ್ಷಗಟ್ಟಲೆ. ವಾರ್ಡಿಗೊಂದು ಪಟ್ಟಿ. ಅಷ್ಟು ಗೋಧಿಬಣ್ಣದ ಪಟ್ಟಿಗಳ ನಡುವೆ ಒಂದೇ ಒಂದು, ನೀರಿಗೆ ನೀಲಿ ಹಾಕಿ ಅದ್ದಿ ತೆಗೆದ ಪಂಚೆಯ ಹಾಗೆ ಕಾಣುತ್ತಿತ್ತು. ಯಾವ ವಾರ್ಡು ಎಂದು ಮೌನೇಶ ಕೇಳಲಿಲ್ಲ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ನೂರ್‌ಜಹಾನ್ ಮುಲ್ಲಾ ಒರಟು ಹೆಂಗಸಲ್ಲ. ಅವನಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ ಮಾತಾಡಿದರು.

"ಚಿತ್ರಗಾರ ಅವರ, ನಿಮ್ಮ ಕಣ್ಣಿನ ಬಗ್ಗೆ ನಂಗ ಸಂಶಯ ಇಲ್ಲ. ಮಾನಿಟರ್ ಹಳೇದಾಗಿರಬೇಕು. ಹಳೇ ಪರದಿ ಹಳದಿ ಆಗ್ತೈತಿ. ಅದರ ಮುಂದ ಕುಂತವ್ರು ಇಲ್ಲದ ಹಳದೀನ ಇದ್ದಂಗ ತಿಳ್ಕೊಂಡು ತೆಗೀತಾರ. ಆಮ್ಯಾಲ ಮುಖ ಎಲ್ಲ ನೀಲಿ ಬರ್ತಾವ."

"ಹೌದ್ರೀ. ನಂಗೂ ಹಂಗ ಅನ್ಸಿತ್ತು."

"ಅಳತೆಬಿಲ್ಲೆ ತಿಂಗಳಾ ಹಾಕ್ತೀರಲ್ಲ?"

"ಹಾಕ್ತೀನ್ರೀ" ಅಂದ ಮೌನೇಶ. ಸುಳ್ಳು ಹೇಳುವಾಗ ಅವನು ಚಹಾದ ಕಪ್ಪನ್ನೇ ನೋಡುತ್ತಿದ್ದ.

"ಹೊಸಾ ಮಾನಿಟರ್ ತಗೋರಿ. ಮುಂದಿನ ಸಲಾನೂ ಹಿಂಗ ಬಂದ್ರ ಪರವಾನಗಿ ನಿಲ್ಲಿಸಬೇಕಾಗ್ತೈತಿ. ನೀಲಿ ಮುಖದಾಗ ಹಳದಿ ಮುಚ್ಚಿ ಹೋಗ್ತೈತ್ರೀ. ಕಾಮಾಲೆ ಇದ್ದವನಿಗೂ ನಮ್ಮ ಯಂತ್ರ ಹಸಿರು ಚೀಟಿ ಕೊಡ್ತೈತಿ. ಅದು ನನ್ನ ಚಿಂತಿ."

*

ಹುಬ್ಬಳ್ಳಿಯ ಕಿಶೋರ ಓಸವಾಲನ ಅಂಗಡಿಯಲ್ಲಿ ಮಾನಿಟರುಗಳು ಗೋಡೆಯುದ್ದಕ್ಕೂ ಮಿನುಗುತ್ತಿದ್ದವು. ಎಲ್ಲದರ ಮೇಲೂ ಗಿಳಿ, ಹೂವು, ಸಮುದ್ರ. ಕಿಶೋರ ಮೂರು ತಲೆಮಾರಿನಿಂದ ಫೋಟೋದವರಿಗೆ ಸಾಮಾನು ಮಾರಿದ ಮನೆತನದವನು, ಸುಮ್ಮನೆ ಹೊಗಳಿ ಮಾರುವವನಲ್ಲ.

"ಕಾಕಾ, ಆ ಗಿಳಿ ನೋಡಿ ಮಳ್ಳಾಗಬ್ಯಾಡ್ರಿ" ಎಂದ. "ಅವು ಆಟ ಆಡೋರ ಮಾನಿಟರು. ವೇಗ ಐತಿ, ಬಣ್ಣದಾಗ ನಿಯತ್ತಿಲ್ಲ. ನಿಮ್ಮ ಕಂಪ್ಯೂಟರ್ ಹಳೇದಾದ್ರೂ ನಡೀತೈತಿ. ಮೆಮೊರಿ ಇಷ್ಟು ಏರಿಸಿ, ಹೊಸಾ ಡಿಸ್ಕು ಹಾಕಿಕೊಡ್ತೀನಿ. ನಿಮ್ಮ ಬಲ ಎಲ್ಲ ಪರದೀ ಮ್ಯಾಲ ಹಾಕ್ರಿ. ಕಂಪ್ಯೂಟರ್ ತಡಾ ಮಾಡಿದ್ರ ಹೊತ್ತು ಹೋಗ್ತೈತಿ, ಪರದಿ ಸುಳ್ಳು ಹೇಳಿದ್ರ ಕೆಲಸಾನ ಹೋಗ್ತೈತಿ."

ಒಳಗಿನಿಂದ ಒಂದು ಮಾನಿಟರು ತಂದು ತೋರಿಸಿದ. ಹೊಳಪಿಲ್ಲದ ಗಾಜು, ಮೂರು ಕಡೆ ಕಪ್ಪು ಮರೆ, ಮೂಲೆಯಿಂದ ಮೂಲೆಗೆ ಒಂದೇ ಬೆಳಕು. ಓರೆಯಾಗಿ ನಿಂತು ನೋಡಿದರೂ ಬಣ್ಣ ಕದಲುತ್ತಿರಲಿಲ್ಲ. ಕಾರ್ಖಾನೆಯಲ್ಲೇ ಅಳೆದು ಬರೆದ ಹಾಳೆಯೂ ಜೊತೆಗಿತ್ತು. ಮೌನೇಶ ತನ್ನ ಪೆನ್‌ಡ್ರೈವಿನಿಂದ ಬರೀ ಬೂದು ಬಣ್ಣದ ಒಂದು ಚಿತ್ರ ಹಾಕಿಸಿ, ಮೂಗು ತಾಗುವಷ್ಟು ಬಗ್ಗಿ, ಅಂಗುಲ ಅಂಗುಲ ನೋಡಿದ. ಎಲ್ಲೂ ಕಲೆ ಇರಲಿಲ್ಲ. ತನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪರದೆಯನ್ನು ಅವನು ಕಂಡಿರಲಿಲ್ಲ, ಮದುವೆಯ ದಿನ ಇದ್ದಷ್ಟು ಖುಷಿಯಲ್ಲಿ ಅದನ್ನು ಮನೆಗೆ ತಂದ.

ಮರುದಿನ ಬೆಳಗ್ಗೆ ದಾಕ್ಷಾಯಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೋ ತೆರೆದ. ಖುಷಿ ಜರ್ರನೆ ಇಳಿದುಹೋಯಿತು. ಪರದೆಯ ದಾಕ್ಷಾಯಣಿ ಗುಲಾಬಿ ಗುಲಾಬಿಯಾಗಿದ್ದಳು. ಪಕ್ಕದವಳು ಹಾಗಿರಲಿಲ್ಲ.

"ಇದೂ ಬಣ್ಣ ತಪ್ಪೇತಿ ನೋಡ" ಅಂದ.

"ಹೊಸಾದಲ್ರೀ ಅದು?" ಅವಳು ಮೊಣಕೈ ತುರಿಸಿಕೊಳ್ಳುತ್ತ ಕೇಳಿದಳು.

"ಹೊಸಾದಾದ್ರೇನು? ಯಂತ್ರಕ್ಕ ಕಣ್ಣು ಎಲ್ಲೈತಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೌನೇಶ ಗುಂಡಿ ಒತ್ತುತ್ತ ಹೋದ, ಹಳದಿ ಏರಿಸುತ್ತ ಹೋದ. ದಾಕ್ಷಾಯಣಿ ಕೂತಲ್ಲೇ ಎರಡು ಸಲ ತೂಕಡಿಸಿದಳು. ಮುಕ್ಕಾಲು ಗಂಟೆಯ ಮೇಲೆ, "ಹೊಂದಿತು" ಅಂದ. ಈ ಸಲ ಅವಳು ಹೊಂದಿತೇ ಎಂದು ಕೇಳಿರಲಿಲ್ಲ.

*

ಎರಡು ತಿಂಗಳಾದ ಮೇಲೆ ಬಂದ ಪತ್ರದಲ್ಲಿ ಪರವಾನಗಿ ನಿಲ್ಲಿಸಲಾಗಿದೆ ಎಂದಿತ್ತು. ಮುಖಗಳು ಮೊದಲಿಗಿಂತ ಹೆಚ್ಚು ನೀಲಿಯಾಗಿದ್ದವು. ಮೌನೇಶ ಅದೇ ಉರಿಯಲ್ಲಿ ಕಿಶೋರನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದ. ಹಾಳು ಮಾಲು ಕಟ್ಟಿದೆ, ಮೂವತ್ತು ವರ್ಷದ ಹೆಸರು ಮಣ್ಣುಪಾಲಾಯಿತು ಎಂದ. ಕಿಶೋರ ಮಾರನೆಯ ದಿನ ಮಧ್ಯಾಹ್ನ ಇನ್ನೊಂದು ಹೊಸ ಮಾನಿಟರು ಹೊತ್ತುಕೊಂಡು ಬೆಟಗೇರಿಗೆ ಬಂದ.

ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಗೋಡೆಯ ಮೊಳೆಯಿಂದ ಅಳತೆಬಿಲ್ಲೆ ತೆಗೆದು, ಅದರ ಧೂಳು ನೋಡಿ, ಮೌನೇಶನ ಮುಖ ನೋಡಿ, ಉಜ್ಜಿದ. ಮೊದಲು ಹೊಸ ಪರದೆಯ ಮೇಲೆ ತೂಗುಹಾಕಿದ. ಬಣ್ಣಗಳು ಒಂದಾದಮೇಲೊಂದು ಮಿಂಚಿ ಹೋದವು. ಕಾರ್ಖಾನೆಯ ಹಾಳೆಗೂ ಪರದೆಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಎರಡು ತಿಂಗಳ ಹಿಂದೆ ಮಾರಿದ್ದರ ಮೇಲೆ ಹಾಕಿದ.

"ಕಾಕಾ, ಈ ಪರದಿ ಕೆಟ್ಟಿಲ್ಲ. ಇದಕ್ಕ ಯಾರೋ ಹಳದಿ ಹಾಕ್ಯಾರ. ಭಾಳ ಹಾಕ್ಯಾರ."

"ನಾನ ಹಾಕೀನಿ! ಯಾಕ ಹಾಕಬೇಕಾತು ಅಂತ ತೋರಸ್ತೀನಿ ತಡಿ. ಏ ದಾಕ್ಷಾಯಣಿ, ಇಲ್ಲಿ ಬಾ!"

ಅವಳು ಬಂದು ಕುರ್ಚಿಯಲ್ಲಿ ಕೂತಳು. ಮಧ್ಯಾಹ್ನದ ಬೆಳಕು ಉತ್ತರದ ಕಿಟಕಿಯಿಂದ ಅವಳ ಮುಖದ ಮೇಲೆ ಬಿದ್ದಿತ್ತು. ಹೊಸ ಪರದೆಯ ಮೇಲೆ ನಾಲ್ಕು ವರ್ಷದ ಹಿಂದಿನ ದಾಕ್ಷಾಯಣಿ.

"ನೋಡೀಗ. ಇಕೀ ಮುಖ ನೋಡು, ನಿನ್ನ ಮಾನಿಟರ್ ನೋಡು. ಎಲ್ಲಿಂದೆಲ್ಲಿಗೆ ಹೊಂದ್ತೈತಿ?"

ಕಿಶೋರ ದಾಕ್ಷಾಯಣಿಯನ್ನು ನೋಡಿ ಎರಡು ವರ್ಷವಾಗಿತ್ತು. ಅವನು ಪರದೆ ನೋಡಲೇ ಇಲ್ಲ. ಅವಳನ್ನೇ ನೋಡುತ್ತ ನಿಂತ.

"ಕಾಕೂ," ಎಂದ ಮೆಲ್ಲಗೆ, "ಮೈಯಾಗ ಆರಾಮ ಇಲ್ಲೇನು?"

"ಆಕಿ ಅರಿಷಿಣ ಹಚ್ಚಿ ಮಕಾ ತೊಳೀತಾಳಪ್ಪ" ಮೌನೇಶ ಅಡ್ಡ ಬಾಯಿ ಹಾಕಿದ. "ಮೊದಲಿಂದಾನೂ ಐತಿ. ಈ ಫೋಟೋದಾಗೂ ಐತಿ. ಅದಕ್ಕ ಹಂಗ ಕಾಣ್ತಾಳ."

ದಾಕ್ಷಾಯಣಿ ಗಂಡನ ಕಡೆ ತಿರುಗಿದಳು.

"ನಾ ಅರಿಷಿಣ ಬಿಟ್ಟು ಆರು ತಿಂಗಳಾತ್ರೀ. ತುರಿಕಿ ಹತ್ತಿದಾಗಿಂದ ಹಚ್ಚಿಲ್ಲ."

ಮೌನೇಶ ಅವಳ ಕಡೆ ಬಗ್ಗಿದ. ಅವಳ ಕಣ್ಣು ನೋಡಿದ. ಪರದೆಯ ಮೇಲಿನ ಕಣ್ಣಿನ ಬಿಳುಪು ಬೆಳ್ಳಗಿತ್ತು. ಪಕ್ಕದ ಕಣ್ಣಿನ ಬಿಳುಪು ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ಯಾರೂ ಅರಿಶಿನ ಹಚ್ಚುವುದಿಲ್ಲ. ತಿಂಗಳು ತಿಂಗಳೂ ಅರ್ಧರ್ಧ ಗಂಟೆ ಅವಳ ಎದುರು ಕೂತು, ಕಾಯಿಲೆ ಒಂದು ಹೆಜ್ಜೆ ಇಟ್ಟಾಗ ತಾನೂ ಒಂದು ಹೆಜ್ಜೆ ಇಟ್ಟು, ಅದರ ಜೊತೆಜೊತೆಗೇ ಪರದೆಯನ್ನು ನಡೆಸಿಕೊಂಡು ಬಂದಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಅವನು ಕನ್ನಡಿ ಹಿಡಿದು, ಕನ್ನಡಿಯನ್ನೇ ತಿದ್ದಿದ್ದ.

"ಏನಾತ್ರೀ?" ದಾಕ್ಷಾಯಣಿ ಕೇಳಿದಳು. "ಹೊಂದಲಿಲ್ಲೇನು?"

ಕಿಶೋರ ತನ್ನ ಚೀಲ ಎತ್ತಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಮೌನೇಶ ನೆಲದ ಮೇಲೆ ಕೂತು, ಅವಳ ಮೊಣಕಾಲಿಗೆ ಹಣೆ ಇಟ್ಟು ಅತ್ತ. ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ, ಆದರೂ ಅವನ ತಲೆ ಸವರುತ್ತ ಕೂತಳು.

*

ಆ ದಿನವೇ ತೆಗೆದ ಫೋಟೋ, ಯಾರೂ ತಿದ್ದದ ಫೋಟೋ, ಅರ್ಧ ಗಂಟೆಯಲ್ಲಿ ಕೆಂಪು ಚೀಟಿ ತಂದಿತು. ಪಿತ್ತನಾಳದ ಬಾಯಿಗೆ ಗಡ್ಡೆ. ಸಂಕ್ರಾಂತಿಯ ಹೊತ್ತಿಗೆ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದು ಡಾಕ್ಟರು ಹೇಳಿದರು. ಈಗ ಅದು ಯಕೃತ್ತಿಗೆ ಹಬ್ಬಿತ್ತು. ತುರಿಕೆಗೆ ಬೇರೆ ಮಾತ್ರೆ ಬರೆದುಕೊಟ್ಟರು.

ಡಾಕ್ಟರ್ ಮುಲ್ಲಾ ಆರು ತಿಂಗಳ ಮೂಲ ಫೋಟೋಗಳನ್ನೆಲ್ಲ ಬೇರೆ ಬಣ್ಣಗಾರರಿಂದ ಮತ್ತೆ ತಿದ್ದಿಸಿದರು. ಮೌನೇಶ ಎದುರಿಗೆ ನಿಂತಿದ್ದ. ಈ ಸಲ ಚಹಾ ಬರಲಿಲ್ಲ.

"ಇಪ್ಪತ್ತೊಂಬತ್ತು ಮಂದಿ ಮುಖದಾಗ ಹಳದಿ ಐತಿ" ಅಂದರು ಅವರು. "ನಿಮ್ಮ ಮನಿಯವರನ್ನ ಬಿಟ್ಟು. ಎಲ್ಲಾರ ಕೈಯಾಗೂ ಹಸಿರು ಚೀಟಿ ಐತಿ. ಹೊಸಾ ಫೋಟೋ ಕಳಸ್ರಿ ಅಂತ ಫೋನ್ ಮಾಡಿದ್ರ ನಂಬವಲ್ರು. ಚೀಟಿ ಐತಲ್ರೀ ಅಂತ ಇಟ್ಟುಬಿಡ್ತಾರ. ಹಳೇ ಫೋಟೋ ಮ್ಯಾಲ ಹೊಸಾ ಚೀಟಿ ಕೊಡಾಕ ಸಮಿತಿ ಕೂಡಬೇಕು, ಹದಿನೈದು ದಿನ ಬೇಕು. ಒಂಬತ್ತು ವರ್ಷ ನಾವ ಅವರಿಗೆ ಚೀಟಿ ನಂಬೂದು ಕಲಿಸೀವಿ."

ಮೌನೇಶ ಆ ಇಪ್ಪತ್ತೊಂಬತ್ತು ಹೆಸರು ಬರೆದುಕೊಂಡು ಬಂದ. ಮರುದಿನ ಬೆಳಗ್ಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ದಾಕ್ಷಾಯಣಿಯೂ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

"ನೀ ಎಲ್ಲಿಗೆ? ನಾಕು ಹೆಜ್ಜಿ ನಡಿಯಾಕ ಆಗೂದಿಲ್ಲ."

"ನಿಮ್ಮ ಮಾತು ಯಾರು ನಂಬ್ತಾರ್ರೀ? ನನ್ನ ಮುಖಾ ಆದ್ರ ನಂಬ್ತಾರ."

ಮೊದಲ ಮನೆಯಲ್ಲಿ ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. ಎರಡನೆಯ ಮನೆಯಲ್ಲಿ ಮುದುಕಿಯೊಬ್ಬಳು ದಾಕ್ಷಾಯಣಿಯನ್ನು ದಿಟ್ಟಿಸಿ ನೋಡಿ, ಒಳಗಿದ್ದ ಸೊಸೆಯನ್ನು ಕೂಗಿ ಕರೆದು, ಬೆಳಕಿಗೆ ನಿಲ್ಲಿಸಿ, ಎದೆ ಎದೆ ಬಡಿದುಕೊಂಡಳು. ಆ ಸೊಸೆ ಸಂಜೆಯೊಳಗೆ ಆಸ್ಪತ್ರೆ ಸೇರಿದಳು. ಚೀಟಿ ಕೇಳಿದ ಕಿಟಕಿಯ ಹುಡುಗಿಗೆ ಆ ಮುದುಕಿ ಏನಂದಳೋ, ಒಳಗೆ ಬಿಟ್ಟರು. ಹೀಗೇ ದಿನಕ್ಕೆ ಮೂರು ಮನೆ, ನಾಲ್ಕು ಮನೆ. ಎರಡು ಮನೆಗಳ ಮುಂದೆ ಆಗಲೇ ಶಾಮಿಯಾನ ಹಾಕಿದ್ದರು. ಅಲ್ಲಿ ದಾಕ್ಷಾಯಣಿ ಒಳಗೆ ಹೋಗಿ ಅಳುತ್ತಿದ್ದ ಹೆಂಗಸರ ಜೊತೆ ಕೂತು ಬಂದಳು. ಮೌನೇಶ ಬೀದಿಯಲ್ಲೇ ನಿಂತಿದ್ದ.

ಎಂಟನೆಯ ದಿನ ಕೊನೆಯ ಹೆಸರಿಗೆ ಬಂದರು. ನೇಕಾರ ತಿಪ್ಪಣ್ಣ ಶ್ಯಾವಿ, ನಲವತ್ತರ ಗಟ್ಟಿ ಆಳು. ಮಗ್ಗ ನಿಲ್ಲಿಸದೆಯೇ ಮಾತಾಡಿದ.

"ನಂದು ಹಸಿರು ಐತ್ರೀ. ಊಟ ಇಷ್ಟು ಸೇರವಲ್ದು, ಬಿಸಲಿಂದು ಅದು. ಏನೂ ಆಗಿಲ್ಲ ನಂಗ."

"ಬರ್ರಿ ಅಣ್ಣಾರ, ಒಂದು ಗಳಿಗಿ ಹೊರಗ ಬರ್ರಿ" ಎಂದಳು ದಾಕ್ಷಾಯಣಿ. "ನನ್ನ ಪಕ್ಕಕ್ಕ ನಿಂದರ್ರಿ ಸಾಕು."

ಹೆಣ್ಣುಮಗಳ ಮಾತು ತೆಗೆದುಹಾಕಲಾರದೆ ತಿಪ್ಪಣ್ಣ ಎದ್ದು, ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದ. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ದಾಕ್ಷಾಯಣಿ ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಕಿನ ಕಡೆ ತಿರುಗಿ, ಮೂವತ್ತು ವರ್ಷ ಕೂತು ರೂಢಿಯಾದ ಹಾಗೆ ಗದ್ದ ಒಂದಿಷ್ಟು ಎತ್ತಿದಳು. ಮೌನೇಶ ಒಮ್ಮೆ ಅವಳನ್ನು ನೋಡಿದ, ಒಮ್ಮೆ ತಿಪ್ಪಣ್ಣನನ್ನು ನೋಡಿದ.

"ಹೊಂದಿತೇನ್ರೀ?" ಅವಳು ಕೇಳಿದಳು.

ತಿಪ್ಪಣ್ಣನ ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು. ಮೌನೇಶನಿಗೆ ಹೊಂದಲಿಲ್ಲ ಎಂದು ಸುಳ್ಳು ಹೇಳಿಬಿಡುವ ಆಸೆಯಾಯಿತು.

"ಹೊಂದಿತು" ಅಂದ.